ಅಂಚಿನಲ್ಲಿರುವ ನಿಕೋಲಸ್

ಬ್ರಹ್ಮಾವರದಲ್ಲಿ ನಮ್ಮ ಆರ್ಥೊಡಾಕ್ಸ್ ಕ್ರೈಸ್ತ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ ಶುರು ಮಾಡಿದಾಗ ನಾನೂ ಎಲ್ಲರ ಹಾಗೆ ಸಂತರ ಕಥೆ ಹೇಳುತ್ತಿದ್ದೆ. ಕೊನೆಗೆ ‘ಇದರಿಂದ ಏನು ಕಲಿತಿರಿ?’ ಎಂದು ಕೇಳುವುದು. ‘ಒಳ್ಳೆಯವರಾಗಿರಬೇಕು ಟೀಚರ್’ ಎಂದು ಒಂದೇ ರಾಗದಲ್ಲಿ ಉತ್ತರ. ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳು. ಹಾಗೆ ಹೇಳಿದರೆ ಬೇಗ ಬಿಡ್ತಾರೆ ಅಂತ ಅವರಿಗೆ ಗೊತ್ತಿತ್ತು.

ಆಮೇಲೆ ಒಂದು ಐಕಾನಿನ, ಅಂದರೆ ಹಲಗೆಯ ಮೇಲೆ ಬರೆದ ಸಂತರ ಪವಿತ್ರ ಚಿತ್ರದ, ಫೋಟೊ ಸಿಕ್ಕಿತು. ಈಜಿಪ್ಟಿನ ಸಿನಾಯ್ ಬೆಟ್ಟದ ಬುಡದಲ್ಲಿರುವ ಸಂತ ಕ್ಯಾಥರೀನ್ ಮಠದ್ದು, 13ನೇ ಶತಮಾನದ ಆರಂಭದ್ದು. ನಡುವೆ ಮೈರಾದ (ಈಗಿನ ಟರ್ಕಿಯ ಊರು) ಬಿಷಪ್ ನಿಕೋಲಸ್. ಸುತ್ತ ಅಂಚಿನಲ್ಲಿ ಹುಟ್ಟಿನಿಂದ ಸಾವಿನವರೆಗೆ ಅವರ ಬದುಕಿನ ಪುಟ್ಟ ಪುಟ್ಟ ಚೌಕಗಳು. ಹಳೇಬೀಡಿನ ಗುಡಿ ಸುತ್ತುತ್ತಾ ಗೋಡೆಯ ಮೇಲೆ ರಾಮಾಯಣ ನೋಡುತ್ತೇವಲ್ಲ, ಹಾಗೆ. ರಷ್ಯಾದಲ್ಲಿ ಇಂಥವು ಜಾಸ್ತಿ. ನಮ್ಮ ಸುರಿಯಾನಿ ಚರ್ಚುಗಳಲ್ಲಿ ಅಪರೂಪ.

ಮೊದಲ ಸಲ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಕೆಟ್ಟೆ. ಚೌಕಗಳು ಅಂಚೆಚೀಟಿಯಷ್ಟಾಗಿ ಯಾರಿಗೂ ಏನೂ ಕಾಣಲಿಲ್ಲ. ಮುಂದಿನ ವಾರ ಬೇರೆ ಬೇರೆ ಐಕಾನುಗಳಿಂದ ಒಂದೊಂದು ಚೌಕವನ್ನೂ ದೊಡ್ಡದು ಮಾಡಿ, ಕತ್ತರಿಸಿ, ಕಲಸಿ ಮೇಜಿನ ಮೇಲೆ ಹರಡಿದೆ. ಕೇಳಿದ್ದು ಒಂದೇ: ‘ಏನು ಕಾಣ್ತದೆ?’ ಹತ್ತು ನಿಮಿಷ ನಾನು ಬಾಯಿ ಬಿಡಬಾರದು. ಅದೇ ನನಗೆ ಕಷ್ಟ.

ಕತ್ತಿಯ ಚೌಕದ ಮೇಲೆ ಹುಡುಗರು ಮುಗಿಬಿದ್ದರು. ಕೈ ಕಟ್ಟಿಸಿಕೊಂಡ ಮೂವರು, ಹಿಂದೆ ಕತ್ತಿ ಎತ್ತಿದ ಕೊಲೆಗಡುಕ, ನಿಕೋಲಸ್ ಕತ್ತಿಗೇ ಕೈ ಹಾಕಿದ್ದಾರೆ. ‘ಕೈ ಕೊಯ್ಯಲ್ವಾ?’ ಎಂದ ಒಬ್ಬ. ಲಂಚ ತಿಂದ ಅಧಿಕಾರಿ ನಿರಪರಾಧಿಗಳಿಗೆ ಮರಣದಂಡನೆ ಕೊಟ್ಟಿದ್ದ ಕಥೆಯನ್ನು ಆಮೇಲೆ ಹೇಳಿದೆ. ಆ ಹುಡುಗ ಮಾತ್ರ ಕೈ ವಿಷಯ ಬಿಡಲಿಲ್ಲ. ತಡೆಯುವುದಕ್ಕೆ ಹೋದವನಿಗೂ ಪೆಟ್ಟಾಗಬಹುದು ಎನ್ನುವುದು ನಾನು ಹೇಳದೆಯೇ ಚರ್ಚೆಗೆ ಬಂತು. ಶಾಲಾ ಬಸ್ಸಿನಲ್ಲಿ ಸಣ್ಣ ಹುಡುಗನೊಬ್ಬನನ್ನು ಗೋಳು ಹೊಯ್ದುಕೊಳ್ಳುವವರ ವಿಷಯವೂ ಬಂತು. ಯಾರು ಅಂತ ನಾನು ಕೇಳಲಿಲ್ಲ.

ನನ್ನನ್ನು ಸಿಕ್ಕಿಸಿದ್ದು ಇನ್ನೊಂದು ಚೌಕ. ರಾತ್ರಿ, ಮಲಗಿರುವ ಬಡ ಅಪ್ಪ, ಮೂವರು ಹೆಣ್ಣುಮಕ್ಕಳು, ಕಿಟಕಿಯಲ್ಲಿ ಚಿನ್ನದ ಗಂಟು ಹಿಡಿದ ನಿಕೋಲಸ್. ಮದುವೆ ಮಾಡಲು ಹಣವಿಲ್ಲದೆ ಅಪ್ಪ ಮಕ್ಕಳನ್ನು ಮಾರಲು ಹೊರಟಿದ್ದ ಎಂದೆ. ಯಾವುದಕ್ಕೆ ಮಾರಲು ಎನ್ನುವುದನ್ನು ನುಂಗಿಕೊಂಡೆ. ದೊಡ್ಡ ಹುಡುಗಿಯರಿಗೆ ಅರ್ಥವಾಗಿತ್ತು ಅನ್ನಿ.

‘ಹಾಗಾದ್ರೆ ಸಂತರು ವರದಕ್ಷಿಣೆ ಕೊಟ್ಟದ್ದಾ? ಅದು ತಪ್ಪಲ್ವಾ ಟೀಚರ್?’ ಎಂದಳು ಒಬ್ಬ ಹುಡುಗಿ.

ಇಷ್ಟು ವರ್ಷ ಈ ಕಥೆ ಹೇಳಿದ್ದೇನೆ, ಯಾರೂ ಕೇಳಿರಲಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಆ ಕಾಲದ ಪದ್ಧತಿ ಎಂದು ಏನೋ ತೊದಲಿದೆ. ಅವಳು ಒಪ್ಪಲಿಲ್ಲ, ಒಪ್ಪದಿದ್ದುದೇ ಸರಿ.

ಡಿಸೆಂಬರ್ 6, ನಿಕೋಲಸರ ಹಬ್ಬ. ಆ ವಾರ ತಮ್ಮದೇ ಒಂದು ಚೌಕ ಬಿಡಿಸಿ ತನ್ನಿ ಎಂದೆ. ಅರ್ಧದಷ್ಟು ಮಕ್ಕಳು, ನಿಕೋಲಸರ ಕಥೆಯಿಂದಲೇ ಹುಟ್ಟಿದ ಕ್ರಿಸ್‌ಮಸ್ ತಾತನನ್ನೇ ಬಿಡಿಸಿ ತಂದರು. ಅವಳು ತಂದದ್ದು ಮಾರನೆಯ ಬೆಳಿಗ್ಗೆಯ ಚಿತ್ರ: ಅಪ್ಪ ಇನ್ನೂ ಮಲಗಿದ್ದಾನೆ, ಮೂವರು ಅಕ್ಕತಂಗಿಯರು ಆ ಚಿನ್ನದಲ್ಲಿ ಕೊಂಡ ಹೊಲಿಗೆ ಮಿಷಿನ್ ಮುಂದೆ ಕೂತಿದ್ದಾರೆ. ನಾಲ್ಕನೇ ಶತಮಾನದಲ್ಲಿ ಎಲ್ಲಿಯ ಮಿಷಿನ್ ಅಂತ ಹುಡುಗರು ನಕ್ಕರು. ಅವಳು ಅಳಿಸಲಿಲ್ಲ.