ಲ್ಯಾಬ್ರಡೂಡಲ್ ಮರಿ ಬೇಕೆಂದರೆ ಮೊದಲು ತಂದೆತಾಯಿ ನೋಡಿ: ನನ್ನ ಅನುಭವ

"ಕ್ರಾಸ್ ನಾಯಿ ಗಟ್ಟಿ, ಅದಕ್ಕೆ ಕಾಯಿಲೆ ಬರಲ್ಲ" ಅನ್ನುವ ಮಾತು ನಂಬಿಕೊಂಡು ಲ್ಯಾಬ್ರಡಾರ್ ಮತ್ತು ಪೂಡಲ್ ಬೆರಕೆಯಾದ ಲ್ಯಾಬ್ರಡೂಡಲ್ ಬ್ರೀಡಿಂಗಿಗೆ ಇಳಿಯುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಮಾತು ಅರ್ಧ ಮಾತ್ರ ನಿಜ. ಒಂದು ತಳಿಯಲ್ಲಷ್ಟೇ ಇರುವ ದೋಷ ಬೆರಕೆಯ ಮೊದಲ ತಲೆಮಾರಿನಲ್ಲಿ ಅಡಗಿ ಕೂರುತ್ತದೆ. ಲ್ಯಾಬ್ರಡಾರಿನ ಸ್ನಾಯು ಸೊರಗಿಸುವ ಸೆಂಟ್ರೋನ್ಯೂಕ್ಲಿಯರ್ ಮಯೋಪತಿ, ಸ್ಟ್ಯಾಂಡರ್ಡ್ ಪೂಡಲ್ ಮರಿಗಳನ್ನು ಫಿಟ್ಸ್ ಬರಿಸಿ ಸಾಯಿಸುವ 'ನ್ಯೂಸ್' ಎಂಬ ಕಾಯಿಲೆ, ಎರಡೂ ಹೀಗೆಯೇ. ಆದರೆ ಕಣ್ಣು ಕುರುಡಾಗಿಸುವ ಪಿಆರ್‌ಸಿಡಿ ದೋಷ ಎರಡೂ ತಳಿಗಳಲ್ಲಿದೆ. ಸೊಂಟದ ಕೀಲು ಸಡಿಲವಿರುವ ಹಿಪ್ ಡಿಸ್‌ಪ್ಲೇಸಿಯಾ ಕೂಡ ಎರಡರಲ್ಲೂ ಇದೆ. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು ಬಂದು ಕೂಡಿಕೊಂಡರೆ ಬೆರಕೆ ಅನ್ನುವುದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಎರಡನೇ ತಲೆಮಾರಿನಲ್ಲಿ ಇನ್ನೊಂದು ಗುಂಡಿಯಿದೆ. ಗುಂಗುರು ಕೂದಲಿಗಾಗಿ ಎಫ್1, ಅಂದರೆ ಮೊದಲ ತಲೆಮಾರಿನ, ಹೆಣ್ಣನ್ನು ಮತ್ತೆ ಪೂಡಲ್‌ಗೆ ಕೂಡಿಸಿ ಎಫ್1ಬಿ ಮಾಡುತ್ತಾರೆ. ಆ ಎಫ್1 ಹೆಣ್ಣು ತನ್ನ ಪೂಡಲ್ ಅಪ್ಪನಿಂದ 'ನ್ಯೂಸ್' ದೋಷದ ಒಂದು ಪ್ರತಿ ಹೊತ್ತಿದ್ದು, ಹೊಸ ಪೂಡಲ್ ಗಂಡಿನಲ್ಲೂ ಒಂದು ಪ್ರತಿ ಇದ್ದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಂಭವ 25%. ಅಡಗಿದ್ದದ್ದು ಹೊರಬರುವುದು ಇಲ್ಲೇ. ಆದ್ದರಿಂದ ಎಫ್1 ನಾಯಿಗೂ ಶುದ್ಧ ತಳಿಯ ನಾಯಿಗೆ ಮಾಡಿಸುವಷ್ಟೇ ಪರೀಕ್ಷೆ ಮಾಡಿಸುತ್ತೇನೆ. ಒಂದು ಪ್ರತಿ ಇರುವ ನಾಯಿಯನ್ನು ಪೂರ್ತಿ ಕ್ಲಿಯರ್ ಇರುವ ಜೋಡಿಗೆ ಕೂಡಿಸಬಹುದು, ಮರಿಗಳಲ್ಲಿ ಸರಾಸರಿ ಅರ್ಧ ಕ್ಯಾರಿಯರ್ (ಒಂದು ಪ್ರತಿ ಹೊತ್ತವು) ಆಗುತ್ತವೆ, ಯಾವುದೂ ಕಾಯಿಲೆ ಬೀಳುವುದಿಲ್ಲ. ಕ್ಯಾರಿಯರ್ ಅಂತ ಒಳ್ಳೆಯ ನಾಯಿಯನ್ನು ಕೈಬಿಡಬೇಕಿಲ್ಲ.

ಡಿಎನ್‌ಎ ಪರೀಕ್ಷೆಗೆ ಕೆನ್ನೆಯ ಒಳಭಾಗದ ಸ್ವಾಬ್ ಸಾಕು. ಒಂದು ಗಂಟೆ ಮುಂಚೆ ಊಟ ಕೊಡಬೇಡಿ, ಇನ್ನೊಂದು ನಾಯಿ ಮುಖ ನೆಕ್ಕದ ಹಾಗೆ ಬೇರೆ ಕಟ್ಟಿ. ಲ್ಯಾಬ್ರಡಾರ್ ಕಡೆಗೆ ನಾನು ಕೇಳುವುದು ಪಿಆರ್‌ಸಿಡಿ, ಓಡಿದ ಮೇಲೆ ಹಿಂಗಾಲು ಕುಸಿಯುವ ಇಐಸಿ, ಸೆಂಟ್ರೋನ್ಯೂಕ್ಲಿಯರ್ ಮಯೋಪತಿ, ಮೂಗು ಒಡೆಯುವ ಎಚ್‌ಎನ್‌ಪಿಕೆ. ಪೂಡಲ್ ಕಡೆಗೆ ಪಿಆರ್‌ಸಿಡಿ, 'ನ್ಯೂಸ್', ರಕ್ತ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರಾಂಡ್. ಮಿನಿಯೇಚರ್ ಪೂಡಲ್ ಆದರೆ ಬೆನ್ನಿನ ಡಿಸ್ಕ್ ದೋಷದ ಸಿಡಿಡಿವೈ ಪರೀಕ್ಷೆಯೂ ಬೇಕು. ಇದರಲ್ಲಿ ಒಂದೇ ಪ್ರತಿ ಬಂದರೂ ಅಪಾಯ ಇರುವುದರಿಂದ ಮೇಲಿನ ಕ್ಯಾರಿಯರ್ ಲೆಕ್ಕ ಇಲ್ಲಿ ನಡೆಯದು. ಮಿನಿಯೇಚರಿನ ಮಂಡಿಚಿಪ್ಪು ಜಾರುತ್ತದೆಯೇ ಎಂದು ವೈದ್ಯರ ಕೈಯಲ್ಲಿ ಒತ್ತಿಸಿ ನೋಡಿಸಬೇಕು. ಸ್ಟ್ಯಾಂಡರ್ಡಿನಲ್ಲಿ ಅಡ್ರಿನಲ್ ಗ್ರಂಥಿ ಸೊರಗುವ ಅಡಿಸನ್ ಕಾಯಿಲೆ ಮತ್ತು ಚರ್ಮದ ಸೆಬೇಷಿಯಸ್ ಅಡಿನೈಟಿಸ್ ಮನೆತನದಲ್ಲೇ ಹರಿಯುತ್ತವೆ. ಇವಕ್ಕೆ ನಂಬುವಂಥ ಡಿಎನ್‌ಎ ಪರೀಕ್ಷೆ ಇಲ್ಲ, ಅಣ್ಣತಮ್ಮ ನಾಯಿಗಳ ಆರೋಗ್ಯ ವಿಚಾರಿಸುವುದೊಂದೇ ದಾರಿ.

ಕೀಲಿಗೆ ಎಕ್ಸ್‌ರೇ ಬಿಟ್ಟರೆ ಬೇರೆ ದಾರಿ ಇಲ್ಲ. ಮತ್ತಿನ ಮದ್ದು ಕೊಟ್ಟು, ಹಿಂಗಾಲು ಎರಡನ್ನೂ ನೇರ ಎಳೆದು ಹಿಡಿದು ತೆಗೆದ ಚಿತ್ರವೇ ಬೇಕು. ಎಚ್ಚರವಿರುವ ನಾಯಿಯನ್ನು ಮಲಗಿಸಿ ತೆಗೆದದ್ದರಲ್ಲಿ ಸೊಂಟ ಓರೆಯಾಗಿ, ಒಳ್ಳೆಯ ಕೀಲೂ ಕೆಟ್ಟದಾಗಿ, ಕೆಟ್ಟದ್ದೂ ಒಳ್ಳೆಯದಾಗಿ ಕಾಣುತ್ತದೆ. ಮೊಣಕೈಯನ್ನೂ ಅದೇ ಮತ್ತಿನಲ್ಲಿ ತೆಗೆಸಿಬಿಡಿ, ಖರ್ಚು ಉಳಿಯುತ್ತದೆ. ಕೀಲಿನ ಎಕ್ಸ್‌ರೇ ನೋಡುವ ಅಮೆರಿಕದ ಸಂಸ್ಥೆ ಓಎಫ್‌ಎ ಅಂತಿಮ ದರ್ಜೆ ಕೊಡುವುದು 24 ತಿಂಗಳ ಮೇಲೆ. ನಮ್ಮ 2017ರ ನಾಯಿ ಬ್ರೀಡಿಂಗ್ ಮತ್ತು ಮಾರಾಟ ನಿಯಮದ ಪ್ರಕಾರ ಹೆಣ್ಣಿಗೆ ಕನಿಷ್ಠ 18 ತಿಂಗಳಾಗಿರಬೇಕು. ನಾನು 24 ತಿಂಗಳಿಗೇ ಕಾಯುತ್ತೇನೆ. ಅದೇ ನಿಯಮದಲ್ಲಿ ಹನ್ನೆರಡು ತಿಂಗಳಿಗೆ ಒಂದೇ ಸೂಲು, ಜೀವಮಾನಕ್ಕೆ ಐದು, ಎಂಟು ವರ್ಷದ ಮೇಲೆ ಇಲ್ಲ ಎಂದಿದೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಈ ಕೆಲಸ ಮಾಡುವ ಹಾಗೇ ಇಲ್ಲ. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಲ್ಯಾಬ್ರಡೂಡಲ್ ಮರಿಗೆ ತಳಿಯ ಸರ್ಟಿಫಿಕೇಟ್ ಕೊಡುವುದಿಲ್ಲ, ಕೊಟ್ಟಿದ್ದಾರೆ ಎಂದು ಯಾರಾದರೂ ಕಾಗದ ತೋರಿಸಿದರೆ ಅದು ಅಪ್ಪನದೋ ಅಮ್ಮನದೋ ಇರುತ್ತದೆ.

ಇನ್ನು ಕೂದಲು. ಫೋನಿನಲ್ಲಿ ಬರುವ ಮೊದಲ ಪ್ರಶ್ನೆಯೇ "ಸರ್, ಕೂದ್ಲು ಉದುರಲ್ಲ ತಾನೆ? ಮನೇಲಿ ಅಲರ್ಜಿ ಇದೆ". 1989ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದ ಗೈಡ್ ಡಾಗ್ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಈ ಬೆರಕೆ ಮಾಡಿದ್ದೇ ಹವಾಯಿಯ ಅಂಧ ಮಹಿಳೆಯೊಬ್ಬರ ಗಂಡನಿಗೆ ನಾಯಿಕೂದಲಿನ ಅಲರ್ಜಿ ಇತ್ತೆಂದು. ಆ ಮೂರು ಮರಿಗಳಲ್ಲಿ ಅವರಿಗೆ ಒಗ್ಗಿದ್ದು ಒಂದೇ. 2012ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನದಲ್ಲೂ ಲ್ಯಾಬ್ರಡೂಡಲ್ ಕೂದಲಲ್ಲಿ ಅಲರ್ಜಿಕಾರಕ ಪ್ರೋಟೀನು ಬೇರೆ ನಾಯಿಗಳಿಗಿಂತ ಕಡಿಮೆ ಕಾಣಲಿಲ್ಲ. ನಾನು ಹೇಳಬಲ್ಲದ್ದು ಉದುರುವಿಕೆ ಬಗ್ಗೆ ಮಾತ್ರ. ಮೀಸೆ, ಹುಬ್ಬು ಕೊಡುವ ಆರ್‌ಎಸ್‌ಪಿಒ2 ಜೀನ್ ಪೂಡಲಿನಿಂದ ಬರುತ್ತದೆ. ಎಫ್1 ಮರಿಗೆ ಅದು ಒಂದು ಪ್ರತಿ. ಎಫ್1ಗೆ ಎಫ್1 ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಮೀಸೆ ಇಲ್ಲದೆ ಹುಟ್ಟಿ, ಲ್ಯಾಬ್ ತರಹವೇ ಮನೆ ತುಂಬ ಕೂದಲು ಉದುರಿಸುತ್ತದೆ. ಗ್ಯಾರಂಟಿ ಕೊಟ್ಟು ಮುಂಗಡ ಹಿಡಿದವರು ಸಿಕ್ಕಿಬೀಳುವುದು ಅಲ್ಲಿ. ಬಣ್ಣದ ಹುಚ್ಚಿಗೆ ಮರ್ಲ್ (ಮಚ್ಚೆಮಚ್ಚೆ ಬಣ್ಣ) ಹಿಂದೆ ಹೋಗುವವರಿಗೆ ಒಂದೇ ಮಾತು: ಮರ್ಲ್‌ಗೆ ಮರ್ಲ್ ಕೂಡಿಸಿದರೆ ಕಿವುಡು, ಕುರುಡು ಮರಿ ಹುಟ್ಟುತ್ತವೆ.

ಸ್ವಭಾವ ನೋಡಲು ದುಬಾರಿ ವ್ಯವಸ್ಥೆ ಬೇಡ. ನಾಯಿ ತನ್ನ ಪಾಡಿಗೆ ಮೂಸುತ್ತಿರುವಾಗ ಹತ್ತಡಿ ದೂರದಲ್ಲಿ ಸ್ಟೀಲ್ ತಟ್ಟೆಯನ್ನು ಮೊಸಾಯಿಕ್ ನೆಲದ ಮೇಲೆ ಕೈಬಿಡುತ್ತೇನೆ. ಬೆಚ್ಚುವುದು ತಪ್ಪಲ್ಲ. ತಟ್ಟೆ ಗಿರಗಿರ ತಿರುಗಿ ನಿಲ್ಲುವಷ್ಟರಲ್ಲಿ ಕಿವಿ ಮುಂದೆ ಬಂದು, ಹೋಗಿ ಮೂಸಿದರೆ ಪಾಸು. ಮಂಚದ ಕೆಳಗೆ ಹೊಕ್ಕು, ಹೆಸರು ಹಿಡಿದು ಕರೆದರೂ ಐದು ನಿಮಿಷ ಬಾರದ ನಾಯಿ ಎಷ್ಟು ಚೆಂದವಿದ್ದರೂ ಬೇಡ. ಅಂಥ ತಾಯಿ ದೀಪಾವಳಿ ಪಟಾಕಿಗೆ ಮರಿ ಬಿಟ್ಟು ಓಡುತ್ತಾಳೆ, ಇಲ್ಲವೇ ನಡುಗುತ್ತ ಮರಿಯ ಮೇಲೇ ಮಲಗುತ್ತಾಳೆ. ಮರಿಗಳೂ ಅವಳನ್ನು ನೋಡಿಯೇ ಹೆದರಿಕೆ ಕಲಿಯುತ್ತವೆ.

ಮಿನಿಯೇಚರ್ ಪೂಡಲ್ ಬಳಸುವುದಾದರೆ ಅದು ಗಂಡೇ ಆಗಿರಬೇಕು, ತಾಯಿ ಲ್ಯಾಬ್. ತಿರುವುಮುರುವಾದರೆ ದೊಡ್ಡ ಮರಿ ಸಣ್ಣ ಸೊಂಟದಲ್ಲಿ ಸಿಕ್ಕಿಕೊಳ್ಳುತ್ತದೆ. ಎತ್ತರ ಹೊಂದದ್ದರಿಂದ ಕೃತಕ ಗರ್ಭಧಾರಣೆಯೇ ಸಲೀಸು.

ಬೆಂಗಳೂರಿನಲ್ಲಿ ತಾಯಿನಾಯಿಯ ದೊಡ್ಡ ಶತ್ರು ಉಣುಗು. ಅದು ಹರಡುವ ರಕ್ತದ ರೋಗಾಣು ಎರ್ಲಿಕಿಯಾ, ಬೆಬೀಸಿಯಾ ಎರಡೂ ಮೇಲೆ ಏನೂ ತೋರಿಸದೆ ಒಳಗೆ ಕೂತಿರಬಲ್ಲವು. ಬೆದೆಗೆ ಬರುವ ಎರಡು ತಿಂಗಳು ಮುಂಚೆ ರಕ್ತ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ. ಯಾಕೆ ಮುಂಚೆ ಅಂದರೆ ಎರ್ಲಿಕಿಯಾಗೆ ಕೊಡುವ ಡಾಕ್ಸಿಸೈಕ್ಲಿನ್ ಕೋರ್ಸು ನಾಲ್ಕು ವಾರದ್ದು, ಗಬ್ಬದ ನಾಯಿಗೆ ಕೊಟ್ಟರೆ ಮರಿಯ ಹಲ್ಲು, ಮೂಳೆಗೆ ತೊಂದರೆ. ಪ್ಲೇಟ್‌ಲೆಟ್ ಕುಸಿದಿರುವಾಗ ಸಿಸೇರಿಯನ್ ಬಂತೆಂದರೆ ರಕ್ತ ನಿಲ್ಲುವುದಿಲ್ಲ. ಗಂಡಿಗೆ ಟಿಕ್ ಜ್ವರ ಬಂದು ಹೋದರೂ ಎರಡು ತಿಂಗಳಿಗೂ ಹೆಚ್ಚು ಬಿಡುವು ಕೊಡುತ್ತೇನೆ, ವೀರ್ಯಾಣು ಹೊಸದಾಗಿ ಬೆಳೆಯಲು ಸುಮಾರು 62 ದಿನ ಬೇಕು. ನಾಯಿಗೆ ಮಾತ್ರೆ ಕೊಟ್ಟು ಸುಮ್ಮನಾದರೆ ಪ್ರಯೋಜನವಿಲ್ಲ. ಉಣುಗು ಬದುಕಿನ ಹೆಚ್ಚು ಕಾಲ ಇರುವುದು ಗೋಡೆ ಬಿರುಕು, ಸ್ವಿಚ್ ಬೋರ್ಡಿನ ಸಂದಿ, ಬಾಗಿಲ ಚೌಕಟ್ಟಿನ ಹಿಂದೆ. ಅಲ್ಲಿಗೂ ಔಷಧ ಹೊಡೆಸಬೇಕು. ಗರ್ಭಪಾತ ಮಾಡಿಸುವ ಬ್ರೂಸೆಲ್ಲಾ ರೋಗಾಣುವಿನ ಪರೀಕ್ಷೆ ಎರಡೂ ನಾಯಿಗೆ, ಪ್ರತಿ ಸಲವೂ. ಅದು ಮನುಷ್ಯರಿಗೂ ಹರಡುತ್ತದೆ. ಲಸಿಕೆ ಬಾಕಿಯಿದ್ದರೆ ಬೆದೆಗೆ ಮುಂಚೆ ಮುಗಿಸಿ, ಗಬ್ಬವಾದ ಮೇಲೆ ಬೇಡ.

ಕೂಡಿಸುವ ದಿನದ ಲೆಕ್ಕದಲ್ಲೇ ಹೆಚ್ಚು ಜನ ಸೋಲುತ್ತಾರೆ. "ರಕ್ತ ಕಂಡು ಹನ್ನೊಂದು, ಹದಿಮೂರನೇ ದಿನ" ಅನ್ನುವ ಸೂತ್ರ ಕೆಲವು ಹೆಣ್ಣಿಗೆ ಕೂಡುತ್ತದೆ, ಕೆಲವಕ್ಕೆ ವಾರವೇ ತಪ್ಪುತ್ತದೆ. ರಕ್ತ ಕಂಡ ಆರನೇ ದಿನದಿಂದ ಎರಡು ಮೂರು ದಿನಕ್ಕೊಮ್ಮೆ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ನೋಡಿಸುತ್ತೇನೆ. ಮಿಲಿಲೀಟರಿಗೆ 2 ನ್ಯಾನೋಗ್ರಾಂ ಆಸುಪಾಸು ಬಂದರೆ ಏರಿಕೆ ಶುರು, 5ರ ಸುತ್ತ ಅಂಡ ಬಿಡುಗಡೆ. ಆದರೆ ನಾಯಿಯ ಅಂಡ ಬಿಡುಗಡೆಯಾದ ಕೂಡಲೇ ಫಲಿಸುವ ಸ್ಥಿತಿಯಲ್ಲಿ ಇರುವುದಿಲ್ಲ, ಮಾಗಲು ಎರಡು ದಿನ ಬೇಕು. ಹಾಗಾಗಿ ಬಿಡುಗಡೆಯ ಎರಡನೇ ಮತ್ತು ನಾಲ್ಕನೇ ದಿನ ಕೂಡಿಸುವುದು. ರಕ್ತವನ್ನು ಕೆಂಪು ಮುಚ್ಚಳದ ಸಾದಾ ಟ್ಯೂಬಿಗೇ ಹಾಕಿಸಿ, ಜೆಲ್ ಇರುವ ಟ್ಯೂಬಿನಲ್ಲಿ ಅಂಕಿ ಇಳಿಯುತ್ತದೆ. ತೆಗೆದ ಕೂಡಲೇ ಫ್ರಿಜ್‌ನಲ್ಲಿ ಇಟ್ಟರೂ ಇಳಿಯುತ್ತದೆ. ಮನುಷ್ಯರ ರಕ್ತ ಪರೀಕ್ಷೆ ಮಾಡುವವರ ಕಡೆ ಕೊಟ್ಟರೆ ವರದಿಯ ಘಟಕ ಓದಿ: ನ್ಯಾನೋಮೋಲ್ ಪ್ರತಿ ಲೀಟರ್ ಎಂದಿದ್ದರೆ 3.18ರಿಂದ ಭಾಗಿಸಬೇಕು. 16 ಎಂದು ನೋಡಿ "ಕೈತಪ್ಪಿಹೋಯಿತು" ಎಂದುಕೊಂಡ ಹೆಣ್ಣು ನಿಜಕ್ಕೂ 5ರಲ್ಲಿರುತ್ತಾಳೆ. ಎಲ್ಲ ಸಲವೂ ಒಂದೇ ಕಡೆ ಮಾಡಿಸಿ, ಯಂತ್ರ ಬದಲಾದರೆ ಅಂಕಿ ಬದಲಾಗುತ್ತದೆ.

ಕೂಡಿಸಿ ಆಯಿತೆಂದು ಗೇಟು ತೆರೆದು ಬಿಡಬೇಡಿ. ಹೆಣ್ಣು ಇನ್ನೂ ಕೆಲವು ದಿನ ಒಪ್ಪುತ್ತಾಳೆ, ಬೀದಿನಾಯಿ ಕಾಂಪೌಂಡ್ ಹೊರಗೆ ಕಾದೇ ಇರುತ್ತದೆ, ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿ ಇರಬಹುದು. ಬೆದೆ ಪೂರ್ತಿ ಇಳಿಯುವ ತನಕ ವಾಕಿಂಗು ಮಹಡಿಯ ಮೇಲೆ. 28ರಿಂದ 30ನೇ ದಿನ ಸ್ಕ್ಯಾನಿಂಗ್, 55ರ ಮೇಲೆ ಮರಿ ಎಣಿಸಲು ಒಂದು ಎಕ್ಸ್‌ರೇ. ಅಂಡ ಬಿಡುಗಡೆಯಿಂದ 63ನೇ ದಿನ, ಒಂದು ದಿನ ಆಚೀಚೆ, ಹೆರಿಗೆ.

ಗಬ್ಬವಾಯಿತು ಅಂದ ಕೂಡಲೇ ಮನೆಯವರು ಮಾಡುವ ತಪ್ಪು, ಬಸುರಿಗೆ ಬಡಿಸಿದ ಹಾಗೆ ಬಡಿಸುವುದು. ಐದನೇ ವಾರದ ತನಕ ಊಟ ಹಿಂದಿನಷ್ಟೇ. ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ ಹೆರಿಗೆಯ ಹೊತ್ತಿಗೆ ಕಾಲುಭಾಗದಿಂದ ಅರ್ಧದಷ್ಟು ಹೆಚ್ಚು, ನಾಲ್ಕು ಹೊತ್ತಿಗೆ ಹಂಚಿ. ಮೊಸರನ್ನ, ಮುದ್ದೆಯಲ್ಲಿ ಹೊಟ್ಟೆ ತುಂಬುತ್ತದೆ, ಪ್ರೋಟೀನು ಸಾಲದು. ನಾನು ಮರಿಗಳಿಗೆಂದು ಮಾಡಿದ ಪಪ್ಪಿ ಫುಡ್‌ಗೇ ಬದಲಾಯಿಸುತ್ತೇನೆ. ಲ್ಯಾಬ್ ಹೆಣ್ಣು ಎಷ್ಟು ಹಾಕಿದರೂ ತಿನ್ನುತ್ತಾಳೆ. ಹಸಿವು ತಣಿಯದಂತೆ ಮಾಡುವ ಪಿಒಎಂಸಿ ದೋಷ ಈ ತಳಿಯಲ್ಲಿ ಸಾಮಾನ್ಯ, ಅವಳ ಕಣ್ಣು ನೋಡಿ ಬಡಿಸಬೇಡಿ, ತೂಕದ ಯಂತ್ರ ನೋಡಿ ಬಡಿಸಿ.

ಕ್ಯಾಲ್ಸಿಯಂ ಟಾನಿಕ್ ಗಬ್ಬದಲ್ಲಿ ಒಂದು ಚಮಚವೂ ಬೇಡ. ಹೊರಗಿಂದ ಸಿಕ್ಕುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆದು ಕೊಡುವ ಪ್ಯಾರಾಥೈರಾಯ್ಡ್ ಗ್ರಂಥಿ ಸೋಮಾರಿಯಾಗುತ್ತದೆ. ಹಾಲು ಜೋರಾಗಿ ಇಳಿಯುವ ಎರಡು ಮೂರನೇ ವಾರ ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಕುಸಿಯುತ್ತದೆ. ಕಾರಣವಿಲ್ಲದೆ ಏದುಸಿರು, ಮರಿ ಹತ್ತಿರ ನಿಲ್ಲದೆ ಓಡಾಟ, ಕಾಲು ಕಟ್ಟಿಗೆಯಂತೆ ಬಿಗಿ, ಆಮೇಲೆ ನಡುಕ, ಇಷ್ಟು ಕಂಡರೆ ಮರಿಗಳನ್ನು ಬೇರ್ಪಡಿಸಿ ಆಗಲೇ ಆಸ್ಪತ್ರೆಗೆ. ನಡುರಾತ್ರಿ ಯಾರು ತೆರೆದಿರುತ್ತಾರೆ ಎಂಬುದನ್ನು 55ನೇ ದಿನದೊಳಗೆ ವಿಚಾರಿಸಿ ಬರೆದಿಡಿ.

ಎಫ್1 ತಾಯಿಯ ಕೂದಲಿನ ಆರೈಕೆ ಲ್ಯಾಬಿನದಕ್ಕಿಂತ ಹತ್ತು ಪಟ್ಟು ಕೆಲಸ. ಮೇಲೆ ಮೇಲೆ ಬ್ರಷ್ ಆಡಿಸಿದರೆ ಹೊರಗೆ ಹತ್ತಿಯಂತೆ ಕಾಣುತ್ತದೆ, ಬುಡದಲ್ಲಿ ಜಮಖಾನದಂತೆ ಗಂಟು. ಒಂದು ಕೈಯಲ್ಲಿ ಕೂದಲನ್ನು ಎತ್ತಿ ಹಿಡಿದು, ಬೈತಲೆ ತೆಗೆದ ಹಾಗೆ ಚರ್ಮ ಕಾಣುವಂತೆ ಗೆರೆ ಬಿಡಿಸಿ, ಸ್ಲಿಕ್ಕರ್ ಬ್ರಷ್ ಆದಮೇಲೆ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಗೆ ತಡೆಯಿಲ್ಲದೆ ಬರಬೇಕು. ಕಿವಿಯ ಹಿಂದೆ, ಕಂಕುಳು, ಹಾರ್ನೆಸ್ ತಾಗುವ ಕಡೆ ಮೊದಲು ನೋಡಿ. ಮಳೆಗಾಲದಲ್ಲಿ ನೆನೆದ ಗಂಟಿನಡಿ ಎರಡೇ ದಿನಕ್ಕೆ ಚರ್ಮ ಕೆಂಪಾಗಿ ವಾಸನೆ ಬರುತ್ತದೆ. ಹೆರಿಗೆಗೆ ವಾರ ಮುಂಚೆ ಹೊಟ್ಟೆ, ತೊಟ್ಟಿನ ಸುತ್ತ, ಬಾಲದ ಬುಡ, ತೊಡೆಯ ಹಿಂಭಾಗ ಮಷಿನ್ ಹಾಕಿ ಚಿಕ್ಕದು ಮಾಡಿಸಿ. ಉದ್ದ ಎಳೆ ಮರಿಯ ಕತ್ತಿಗೆ, ಕಾಲಿಗೆ ಸುತ್ತಿಕೊಳ್ಳುತ್ತದೆ.

ಕೊನೆಯ ವಾರ ಬೆಳಿಗ್ಗೆ ಸಂಜೆ ಗುದದಲ್ಲಿ ಉಷ್ಣಾಂಶ ನೋಡಿ. 99 ಡಿಗ್ರಿ ಫ್ಯಾರನ್‌ಹೀಟಿಗಿಂತ ಇಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಹೆರಿಗೆ. ಹಾಲು ಕುಡಿಸುವಾಗ ಊಟ ಎರಡರಿಂದ ಮೂರು ಪಟ್ಟು, ನೀರು ಯಾವಾಗಲೂ ಎದುರಿಗೆ. ಮೊಲೆ ಬಿಸಿಯಾಗಿ ಗಟ್ಟಿಯಾಗಿದೆಯೇ ಎಂದು ದಿನಕ್ಕೆರಡು ಸಲ ಕೈಯಾಡಿಸಿ.

ನಾನು ಒಂದು ಹೆಣ್ಣಿನಿಂದ ಮೂರು ಸೂಲಿಗಿಂತ ಹೆಚ್ಚು ತೆಗೆಯುವುದಿಲ್ಲ. ಹೆರಿಗೆ ಕಷ್ಟವಾದರೆ, ಮರಿಯ ಮೇಲೆ ಅಸಡ್ಡೆ ತೋರಿದರೆ ಒಂದಕ್ಕೇ ನಿಲ್ಲಿಸುತ್ತೇನೆ. ಮರಿಗಳು ಹಾಲು ಬಿಟ್ಟು, ಮೊಲೆ ಬತ್ತಿ, ಮುಂದಿನ ಬೆದೆಗೆ ಮುಂಚೆ ಸಂತಾನಹರಣ ಮಾಡಿಸಬೇಕು. ಮುಂದೂಡಿದರೆ ಬೆದೆ ಇಳಿದು ಒಂದೆರಡು ತಿಂಗಳಿಗೆ ಗರ್ಭಕೋಶದಲ್ಲಿ ಕೀವು ತುಂಬಬಹುದು. ನೀರು ವಿಪರೀತ ಕುಡಿಯುವುದು, ಊಟ ಬಿಡುವುದು, ಕೆಳಗೆ ವಾಸನೆಯ ಸ್ರಾವ ಅದರ ಗುರುತು. ಕೆಲವಕ್ಕೆ ಸ್ರಾವವೇ ಇರುವುದಿಲ್ಲ, ಹೊಟ್ಟೆ ಮಾತ್ರ ಉಬ್ಬಿರುತ್ತದೆ, ಅದೇ ಹೆಚ್ಚು ಅಪಾಯದ್ದು.