1978ನ್ನ ಚಿಕ್ಕಮಗಳೂರಲ್ಲಿ ಕೂತು ಓದೋದು ಹೇಗೆ

ಒಂದು ವರ್ಷದ ರಾಜಕೀಯ ಸರಿಯಾಗಿ ತಿಳ್ಕೋಬೇಕು ಅಂದ್ರೆ ಮೊದ್ಲು ಒಂದು ನೋಟ್‌ಬುಕ್ ತಗೊಂಡು ತಿಂಗಳಿಗೊಂದು ಪುಟ ಬಿಡಿ, ಪಕ್ಕಾ ಗೊತ್ತಿರೋದನ್ನ ಮಾತ್ರ ಪೆನ್ನಲ್ಲಿ ಬರೀರಿ, ಮಿಕ್ಕಿದ್ದು ಪೆನ್ಸಿಲ್‌ಲಿ. 1978ಕ್ಕೆ ಜನವರಿಲಿ ಕಾಂಗ್ರೆಸ್ ಒಡೆದು ಇಂದಿರಾ ಕಾಂಗ್ರೆಸ್ ಆಗಿದ್ದು, ಫೆಬ್ರವರಿಲಿ ನಮ್ ವಿಧಾನಸಭೆ ಎಲೆಕ್ಷನ್, ದೇವರಾಜ ಅರಸು ಮತ್ತೆ ಮುಖ್ಯಮಂತ್ರಿ ಆಗಿದ್ದು.

ನವೆಂಬರ್‌ಗೆ ಒಂದು ಪುಟ ಸಾಲಲ್ಲ, ನಾಲ್ಕೈದು ಬಿಡಿ. ಇಲ್ಲಿನ ಎಂಪಿ ಡಿ.ಬಿ. ಚಂದ್ರೇಗೌಡ್ರು ಲೋಕಸಭೆ ಸೀಟ್ ಬಿಟ್ಕೊಟ್ರು, ರಾಯ್‌ಬರೇಲಿಲಿ 1977ರಲ್ಲಿ ಸೋತಿದ್ದ ಇಂದಿರಾ ಗಾಂಧಿ ಇಲ್ಲಿ ನಿಂತ್ರು, ಜನತಾ ಪಕ್ಷದಿಂದ ವೀರೇಂದ್ರ ಪಾಟೀಲ್ರು ಎದುರಿಗಿದ್ರು, ಇಡೀ ದೇಶದ ಪತ್ರಕರ್ತರು ಬಂದು ಕೂತಿದ್ರು.

ಇದನ್ನ ಪೇಪರ್‌ಲಿ ಓದಿದ್ರೆ ಸಾಲ್ದು. ಆಗ ವೋಟ್ ಹಾಕಿದ ಅಜ್ಜ ಅಜ್ಜಿಯರನ್ನ ಹುಡ್ಕಿ ಕೇಳಿ, ಈಗ್ಲೇ ಕೇಳಿ, ಯಾಕಂದ್ರೆ ಅವ್ರೆಲ್ಲ ಎಪ್ಪತ್ತರ ಹತ್ರ ಇದಾರೆ, ಇಲ್ಲಾ ದಾಟಿದಾರೆ. "ಯಾರಿಗೆ ಹಾಕಿದ್ರಿ" ಅಂತ ಶುರು ಮಾಡ್ಬೇಡಿ, ಮುಜುಗರ ಆಗುತ್ತೆ. "ಅಜ್ಜಿ, ಬೂತ್‌ಗೆ ಯಾರ ಜೊತೆ ಹೋದ್ರಿ, ತೋಟದ ಕೆಲ್ಸಕ್ಕೆ ಅವತ್ತು ರಜಾ ಇತ್ತಾ, ಎಮರ್ಜೆನ್ಸಿ ಬಗ್ಗೆ ಕ್ಯೂನಲ್ಲಿ ಏನ್ ಮಾತಾಡ್ತಿದ್ರು" ಅಂತ ಕೇಳಿ. ಎಸ್ಟೇಟ್ ಮಾಲೀಕ್ರ ಮನೇಲೂ ಕೇಳಿ, ಕೂಲಿಯವ್ರ ಲೈನ್ ಮನೆಗಳಲ್ಲೂ ಕೇಳಿ, ಎರಡೂ ಒಂದೇ ಥರ ಇರಲ್ಲ, ನನ್ ಪ್ರಕಾರ ನಿಜವಾದ ಇತಿಹಾಸ ಶುರುವಾಗೋದೇ ಅಲ್ಲಿ. ಹೇಳಿದ್ದನ್ನ ತಿದ್ದದೆ ಅವ್ರ ಮಾತಲ್ಲೇ ಬರ್ಕೊಳಿ.

ಆಮೇಲೆ ಲೈಬ್ರರಿಲಿ ಹಳೇ ಪತ್ರಿಕೆ ಫೈಲ್ ಕೇಳಿ, ವೋಟಿನ ಲೆಕ್ಕಾನ ಅಲ್ಲಿ ತಾಳೆ ನೋಡಿ. ಇಲ್ಲಿ ಗೆದ್ದು ಹೋದ ಇಂದಿರಾ ಗಾಂಧಿನ ಡಿಸೆಂಬರ್ 19ಕ್ಕೆ ಹಕ್ಕುಚ್ಯುತಿ (ಸದನದ ಹಕ್ಕಿಗೆ ಧಕ್ಕೆ ತಂದ್ರು) ಅಂತ ಸದನದಿಂದ ಹೊರಗೆ ಹಾಕಿ ತಿಹಾರ್ ಜೈಲಿಗೆ ಕಳ್ಸಿದ್ರಲ್ಲ, ಆ ಲೋಕಸಭೆ ಚರ್ಚೆ ಸಂಸತ್ತಿನ ಡಿಜಿಟಲ್ ಲೈಬ್ರರಿಲಿ ಫ್ರೀಯಾಗಿ ಸಿಗುತ್ತೆ, ಪೂರ್ತಿ ಓದಿ.