ಟ್ಯಾಪ್‌ರೂಮಿನಲ್ಲಿ ಡಬಲ್ ಐಪಿಎ: ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾಗೆ ಹೊಸದಾಗಿ ಬಂದವರಿಗೆ

ಐಪಿಎ ಎಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಎಂಬ ಹೂವಿನಿಂದ ಕಹಿಯೂ ಘಮವೂ ಬರುವ ಬಿಯರ್. ಡಬಲ್ ಅದರ ಇನ್ನೂ ಗಟ್ಟಿ ರೂಪ. ಬ್ರೂವರಿಯವರೇ ಬಿಯರ್ ಸುರಿದು ಕೊಡುವ ಟ್ಯಾಪ್‌ರೂಮಿನ ಬೋರ್ಡಿನ ಮೇಲೆ ‘ಡಬಲ್ ಐಪಿಎ, ಶೇ. 8’ ಎಂದು ಕಂಡಾಗ ‘ನಮ್ಮೂರಿನ ಸ್ಟ್ರಾಂಗ್ ಬಿಯರೂ ಅಷ್ಟೇ ಅಲ್ಲವಾ’ ಅನ್ನಿಸುವುದು ಸಹಜ. ಅಮಲಿನ ಲೆಕ್ಕ ಸರಿಯೇ, ಕುಡಿಯುವ ರೀತಿ ಬೇರೆ. ಊರಿನದನ್ನು ಕೊರೆಯುವಷ್ಟು ತಣ್ಣಗೆ ಮಾಡಿ ಗಟಗಟ ಇಳಿಸುತ್ತೇವೆ. ಇದನ್ನು ಹಾಗೆ ಇಳಿಸಿದರೆ ನಾಲಿಗೆಗೆ ಕಹಿಯೊಂದೇ ದಕ್ಕುತ್ತದೆ.

ವಯಸ್ಸಿನ ಪುರಾವೆಗೆ ಅಸಲಿ ಪಾಸ್‌ಪೋರ್ಟ್ ಅಥವಾ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಜೇಬಿನಲ್ಲಿರಲಿ. ತಲೆ ನರೆತಿದ್ದರೂ ಕೆಲವೆಡೆ ಕೇಳುತ್ತಾರೆ, ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ. ಕೌಂಟರಿನಲ್ಲಿ ಕಾರ್ಡ್ ಕೊಟ್ಟು ಟ್ಯಾಬ್ (ಕೊನೆಗೆ ಒಟ್ಟಿಗೆ ತೀರಿಸುವ ಲೆಕ್ಕ) ತೆರೆದರೆ, ಹೊರಡುವಾಗ ನೆನಪಿಟ್ಟು ಮುಚ್ಚಿಸಿ. ಟಿಪ್ಸ್ ಗ್ಲಾಸಿಗೊಂದು ಡಾಲರ್, ಇಲ್ಲವೇ ಬಿಲ್ಲಿನ ಶೇ. 15ರಿಂದ 20.

ಮೊದಲ ಸಲ ಪೈಂಟ್ ಬೇಡ. ಇಲ್ಲಿನ ಪೈಂಟ್ ಎಂದರೆ 16 ಔನ್ಸ್, 473 ಮಿ.ಲೀ. ಶೇ. 8ರ ಬಿಯರಾದರೆ ಅದೊಂದರಲ್ಲೇ ಅಮೆರಿಕದ ಲೆಕ್ಕದ ಎರಡು ಸ್ಟ್ಯಾಂಡರ್ಡ್ ಡ್ರಿಂಕ್‌ಗಿಂತ (ಒಂದಕ್ಕೆ ಸುಮಾರು 14 ಗ್ರಾಂ ಶುದ್ಧ ಆಲ್ಕೊಹಾಲ್) ತುಸು ಹೆಚ್ಚೇ ಇರುತ್ತದೆ. 4–5 ಔನ್ಸಿನ ಸಣ್ಣ ಗ್ಲಾಸುಗಳ ಫ್ಲೈಟ್ ಕೇಳಿ. ಪಿಲ್ಸ್‌ನರ್, ಪೇಲ್ ಏಲ್, ಐಪಿಎ, ಕೊನೆಗೆ ಡಬಲ್: ಹಗುರದ್ದರಿಂದ ಕಹಿಯದಕ್ಕೆ, ಇದೇ ಕ್ರಮ. ಡಬಲ್ ಮೊದಲು ಕುಡಿದರೆ ನಾಲಿಗೆ ಕಹಿಗೆ ಒಗ್ಗಿ, ಆಮೇಲೆ ಬರುವ ಪಿಲ್ಸ್‌ನರ್ ಸಪ್ಪೆ ನೀರು.

ಗ್ಲಾಸ್ ಬಂದ ತಕ್ಷಣ ಎತ್ತಬೇಡಿ. ನಲ್ಲಿಯಿಂದ ಇಳಿಯುವಾಗ ಅದು ಬಹುತೇಕ 3–4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಷ್ಟು ತಣ್ಣಗಿದ್ದರೆ ಘಮ ಏಳುವುದಿಲ್ಲ. ಸ್ವಲ್ಪ ಹೊತ್ತು ಬಿಡಿ. 7ರಿಂದ 10 ಡಿಗ್ರಿಯಲ್ಲಿ ಅದು ಬಾಯಿಬಿಡುತ್ತದೆ. ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ನೊರೆಯ ಮೇಲೆ ಎರಡು ಮೂರು ಸಲ ಚಿಕ್ಕದಾಗಿ ಮೂಸಿ. ಕ್ಯಾಸ್ಕೇಡ್, ಸೆಂಟೆನಿಯಲ್ ತಳಿಯ ಹಾಪ್ಸ್ ಇದ್ದರೆ ಚಕ್ಕೋತದ ಸಿಪ್ಪೆಯ ವಾಸನೆ. ಸಿಮ್ಕೋದಲ್ಲಿ ಪೈನ್ ಮರದ ಅಂಟು. ಮಾವಿನಕಾಯಿಯ ಸೊನೆ ಮೂಸಿದವರಿಗೆ ಹತ್ತಿರದ ಪರಿಚಯ ಅನ್ನಿಸೀತು. ಸಿಟ್ರಾ, ಮೊಸಾಯಿಕ್‌ನಲ್ಲಿ ಮಾಗಿದ ಹಣ್ಣುಗಳು. ಹಾಪ್ಸ್ ಕುದಿಸಿದರೆ ಕಹಿ ಬಿಡುತ್ತದೆ. ಹುದುಗುವಾಗಲೋ ಹುದುಗಿದ ಮೇಲೋ ಕುದಿಸದೆ ನೆನೆಹಾಕಿದರೆ ಘಮ ಬಿಡುತ್ತದೆ. ಡಬಲ್‌ನಲ್ಲಿ ಎರಡೂ ಧಾರಾಳ, ಅದನ್ನು ತಾಳಿಕೊಳ್ಳಲು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕೂಡ ಹೆಚ್ಚು.

ಮೊದಲ ಗುಟುಕನ್ನು ನಂಬಬೇಡಿ, ಕಹಿಗೆ ಬೆಚ್ಚುವುದೇ ಅದರ ಕೆಲಸ. ಎರಡನೆಯದನ್ನು ನಾಲಿಗೆ ಪೂರ್ತಿ ಹರಡಿ ನುಂಗಿ, ಮೂಗಿನಿಂದ ಉಸಿರು ಬಿಡಿ. ಮೂರನೆಯದಕ್ಕೆ ತೀರ್ಮಾನ. ಒಳ್ಳೆಯದರಲ್ಲಿ ಕಹಿ ಸ್ವಚ್ಛವಾಗಿ ಬಂದು ನಿಧಾನಕ್ಕೆ ಇಳಿಯುತ್ತದೆ. ಗಂಟಲು ಕೆರೆದರೆ, ಅಡಿಕೆ ಅಗಿದಂತೆ ಒಗರು ಉಳಿದರೆ, ಸ್ಪಿರಿಟ್ ಬಿಸಿ ಹೊಡೆದರೆ ಬಿಯರಿನಲ್ಲೇ ದೋಷ, ನಿಮ್ಮ ನಾಲಿಗೆಯದಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ತಾಗಿ ಹಳಸಿದೆ, ಬೆಣ್ಣೆಯ ವಾಸನೆ ಬಂದರೆ ಹುದುಗುವಾಗ ಹುಟ್ಟುವ ಡಯಾಸಿಟೈಲ್ ಎಂಬ ಅಂಶ ಉಳಿದಿದೆ. ಗುಳ್ಳೆಗಳು ಗ್ಲಾಸಿನ ಒಳಗೋಡೆಗೆ ಅಂಟಿ ಕೂತಿದ್ದರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ. ಸಂಕೋಚ ಬೇಡ, ಬದಲಾಯಿಸಿ ಕೊಡುತ್ತಾರೆ. ಬಿಸಿಲಿನ ಮೇಜಿನಲ್ಲಿ ಮಾತ್ರ ಕೂರಬೇಡಿ: ಬೆಳಕು ಬಿದ್ದರೆ ಹಾಪ್ಸಿನ ಕಹಿ ಅಂಶವೇ ಒಡೆದು, ಕೆಲವೇ ನಿಮಿಷಗಳಲ್ಲಿ ನಾತ ಶುರುವಾಗುತ್ತದೆ. ಅದಕ್ಕೆ ಬ್ರೂವರಿ ಹೊಣೆಯಲ್ಲ.

ಖಾರದ ಚಿಕನ್ ವಿಂಗ್ಸ್ ಜೊತೆ ಡಬಲ್ ಐಪಿಎ ಎಂಬ ಇಲ್ಲಿನ ರೂಢಿ ನಮಗೊಪ್ಪದು. ಕಹಿ, ಆಲ್ಕೊಹಾಲ್ ಎರಡೂ ಖಾರದ ಉರಿಯನ್ನು ಏರಿಸುತ್ತವೆ. ಚೀಸ್, ಕ್ಯಾರೆಟ್ ಕೇಕ್ ಚೆನ್ನಾಗಿ ಹೊಂದುತ್ತವೆ. ಸಸ್ಯಾಹಾರಿಗಳು ಫ್ರೈಸ್ ಕರಿಯುವ ಎಣ್ಣೆಯನ್ನು ಕೋಳಿಗೂ ಬಳಸುತ್ತಾರಾ ಎಂದು ಕೇಳಿ. ಹಾಲು ಆಗದವರು ‘ಮಿಲ್ಕ್‌ಶೇಕ್ ಐಪಿಎ’ ಬಿಡಿ, ಅದರಲ್ಲಿ ಲ್ಯಾಕ್ಟೋಸ್ ಇರುತ್ತದೆ.

ಈ ಶೈಲಿಯ ಹೆಸರಾಂತ ಬಿಯರ್ ‘ಪ್ಲೈನಿ ದಿ ಎಲ್ಡರ್’, ಶೇ. 8. ಅದನ್ನು ರಷ್ಯನ್ ರಿವರ್ ಬ್ರೂವರಿಯವರು ಸ್ಯಾಂಟಾ ರೋಸಾ ಊರಿನ ಪಬ್‌ನಲ್ಲಿ ತಾಜಾ ಕೊಡುತ್ತಾರೆ. ಕಾರು ಮನೆಯಲ್ಲಿರಲಿ: ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾರ್ಕ್‌ಸ್ಪರ್‌ಗೆ ಫೆರಿ, ಅಲ್ಲಿಂದ ‘ಸ್ಮಾರ್ಟ್’ ಹೆಸರಿನ ರೈಲು, ಸ್ಯಾಂಟಾ ರೋಸಾ ಡೌನ್‌ಟೌನ್ ಸ್ಟೇಷನ್ನಿನಿಂದ ನಡಿಗೆ. ಕೊನೆಯ ರೈಲಿನ ಸಮಯ ಮೊದಲೇ ನೋಡಿಕೊಳ್ಳಿ. ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಕರಗಲು ದೇಹಕ್ಕೆ ಸುಮಾರು ಒಂದು ಗಂಟೆ ಬೇಕು, ಕಾಫಿ ಕುಡಿದರೆ ಬೇಗ ಇಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಕ್ತದಲ್ಲಿನ ಆಲ್ಕೊಹಾಲ್ ಮಿತಿ ಶೇ. 0.08. ಕುಡಿದು ಗಾಡಿ ಓಡಿಸಿ ಬಂಧನವಾದರೆ, ತೀರ್ಪು ಬರುವ ಮೊದಲೇ ವೀಸಾ ರದ್ದಾಗಬಹುದು, ಮುಂದಿನ ವೀಸಾ ಸ್ಟಾಂಪಿಂಗ್‌ಗೆ ವೈದ್ಯಕೀಯ ತಪಾಸಣೆಯೂ ಬರಬಹುದು. ಉದ್ಯೋಗದ ಎಚ್-1ಬಿ, ವಿದ್ಯಾರ್ಥಿಗಳ ಎಫ್-1 ಯಾವುದಕ್ಕೂ ವಿನಾಯಿತಿ ಇಲ್ಲ.